ಬಯಲಾಟದ ಶೂಟಿಂಗಿಗೆ ಯಾವ ಟ್ರೈಪಾಡ್?

ಕರಾವಳಿ_ಕಣ್ಣು:
ನಮಸ್ಕಾರ. ಯಕ್ಷಗಾನ ಬಯಲಾಟದ ವಿಡಿಯೋ ಮಾಡುತ್ತೇನೆ. ಕ್ಯಾಮೆರಾ, ಮೈಕ್, ಬ್ಯಾಟರಿ ಎಲ್ಲ ಸೇರಿ ಎರಡೂವರೆ ಕಿಲೋ. ಈಗಿರುವುದು ಬಾಲ್ ಹೆಡ್ (ಗುಂಡಿನ ಮೇಲೆ ಎಲ್ಲ ಕಡೆಗೂ ವಾಲುವ ತಲೆ) ಇರುವ ಫೋಟೋ ಟ್ರೈಪಾಡ್. ವೇಷಧಾರಿ ಧಿಗಿಣ ಹಾಕುತ್ತಾ (ಜಿಗಿದು ಸುತ್ತುತ್ತಾ) ರಂಗದ ಈ ತುದಿಯಿಂದ ಆ ತುದಿಗೆ ಹೋದಾಗ ಕ್ಯಾಮೆರಾ ತಿರುಗಿಸಿದರೆ ಜರ್ಕ್ ಬರುತ್ತದೆ. ಹೊಸದರಲ್ಲಿ ಏನು ನೋಡಬೇಕು?

ಹಳೇ_ಲೆನ್ಸ್:
ಬಾಲ್ ಹೆಡ್ ಫೋಟೋಗೆ ಸರಿ, ಪ್ಯಾನ್ ಮಾಡಲು, ಅಂದರೆ ಕ್ಯಾಮೆರಾ ಅಡ್ಡಕ್ಕೆ ತಿರುಗಿಸಲು, ಅಲ್ಲ. ಫ್ಲೂಯಿಡ್ ಹೆಡ್ ಬೇಕು. ಒಳಗಿನ ದಪ್ಪ ದ್ರವ ತಡೆ ಕೊಡುವುದರಿಂದ ಶುರು ಮಾಡುವಾಗಲೂ ನಿಲ್ಲಿಸುವಾಗಲೂ ನಯವಾಗಿರುತ್ತದೆ. ಕಡಿಮೆ ಬೆಲೆಯ ಕೆಲವದರಲ್ಲಿ ಫ್ಲೂಯಿಡ್ ಅನ್ನೋದು ಬರೀ ಹೆಸರಿಗೆ! ಅಂಗಡಿಗೆ ನಿಮ್ಮ ಕ್ಯಾಮೆರಾನೇ ಒಯ್ಯಿರಿ. ಹೆಡ್ ಮೇಲೆ ಕೂರಿಸಿ, ಮುಂದಕ್ಕೆ ಬಾಗಿಸಿ, ಲಾಕ್ ಮಾಡದೆ ನಿಧಾನವಾಗಿ ಕೈ ಸಡಿಲಿಸಿ. ಅಲ್ಲೇ ನಿಂತರೆ ಕೌಂಟರ್‌ಬ್ಯಾಲೆನ್ಸ್, ಅಂದರೆ ಕ್ಯಾಮೆರಾದ ತೂಕ ಹಿಡಿದು ನಿಲ್ಲಿಸುವ ಒಳಗಿನ ಸ್ಪ್ರಿಂಗ್, ಸರಿ ಇದೆ.

ಗದ್ದೆಬದಿ:
ಬೌಲ್ (ಹೆಡ್ ಕೂರುವ ಬಟ್ಟಲಿನಂಥ ಗುಳಿ) ಇರುವ ಕಾಲುಗಳನ್ನೇ ತಗೊಳ್ಳಿ, 75 ಮಿಮೀ ಸಾಕು. ಕೊಯ್ಲಾದ ಗದ್ದೆಯಲ್ಲಿ ನೆಲ ಎಲ್ಲಿ ಸಮ ಇರುತ್ತದೆ? ಬೌಲ್ ಇದ್ದರೆ ಕೆಳಗಿನ ಹಿಡಿ ಸಡಿಲಿಸಿ, ಮಟ್ಟ ತೋರಿಸುವ ಗಾಳಿಗುಳ್ಳೆ ನೋಡಿ ಲೆವೆಲ್ ಮಾಡಿದರಾಯ್ತು, ಮೂರು ಕಾಲಿನ ಜೊತೆ ಒದ್ದಾಡಬೇಕಿಲ್ಲ. ನಡುವಿನ ಕಂಬ ಎತ್ತುವ ಮಾದರಿ ಬೇಡ, ಝೂಮ್ ಮಾಡಿದಾಗ ಅಲುಗಾಟ ಕಾಣುತ್ತದೆ.

ಕರಾವಳಿ_ಕಣ್ಣು:
12 ಕಿಲೋ ತಡೆಯುವ ಹೆಡ್ ತಗೊಂಡರೆ ಮುಂದಕ್ಕೂ ಆಗುತ್ತೆ ಅಲ್ವಾ?

ಹಳೇ_ಲೆನ್ಸ್:
ಸುಮ್ನೆ ದುಡ್ಡು ದಂಡ. ಸ್ಪ್ರಿಂಗ್ ಜಾಸ್ತಿ ಗಟ್ಟಿ ಇದ್ದರೆ ಹಗುರ ಕ್ಯಾಮೆರಾ ಬಾಗಿಸಿ ಕೈ ಬಿಟ್ಟ ಕೂಡಲೇ ವಾಪಸ್ ಎದ್ದು ಬರುತ್ತದೆ. ನಾಲ್ಕೈದು ಕಿಲೋದ್ದು, ಕೌಂಟರ್‌ಬ್ಯಾಲೆನ್ಸ್ ಹಂತ ಬದಲಿಸಬಹುದಾದದ್ದು ನೋಡಿ.