ಕೋಟೆ ಹತ್ತುವಾಗ ಬ್ಯಾಗು, ಹೆಲ್ಮೆಟ್ ಬೈಕ್ ಮೇಲೇ ಬಿಡಬಹುದಾ?

ಪ್ರಶ್ನೆ: ಭಾನುವಾರ ಇಬ್ಬರು ದಾವಣಗೆರೆಯಿಂದ ಬೈಕಲ್ಲಿ ಚಿತ್ರದುರ್ಗ ಕೋಟೆ ನೋಡಿ, ಅಲ್ಲೇ ಉಳಿದು, ಮರುದಿನ ವಾಣಿ ವಿಲಾಸ ಸಾಗರಕ್ಕೆ ಹೋಗುವವರಿದ್ದೇವೆ. ಎರಡು ಫುಲ್‌ಫೇಸ್ ಹೆಲ್ಮೆಟ್, ಬಟ್ಟೆಯ ಸ್ಯಾಡಲ್ ಬ್ಯಾಗ್, ಮ್ಯಾಗ್ನೆಟ್ ಇರುವ ಟ್ಯಾಂಕ್ ಬ್ಯಾಗ್ ಇರುತ್ತೆ. ಕೋಟೆ ಸುತ್ತೋಕೆ ಮೂರು ಗಂಟೆ ಬೇಕು. ಜಿಪ್‌ಗೆ ಸಣ್ಣ ಬೀಗ ಹಾಕಿದರೆ ಸಾಕಾ?

ಉತ್ತರ – ಬೈಕ್ ಆಕ್ಸೆಸರಿ ಫಿಟ್ಟರ್, ದಾವಣಗೆರೆ:

ಸಾಲದು. ನೈಲಾನ್ ಜಿಪ್‌ನ ಹಲ್ಲಿನ ಮಧ್ಯೆ ಬಾಲ್‌ಪೆನ್ ತುದಿ ಒತ್ತಿದರೆ ಅಲ್ಲೇ ಬಾಯಿ ಬಿಡುತ್ತೆ. ಬೇಕಾದ್ದನ್ನು ತೆಗೆದುಕೊಂಡು ಎರಡೂ ರನ್ನರನ್ನು ಬೀಗದ ಸಮೇತ ಆ ಕಡೆ ಈ ಕಡೆ ಎಳೆದರೆ ಜಿಪ್ ಮತ್ತೆ ಕೂಡಿಕೊಳ್ಳುತ್ತೆ. ಬೀಗ ಹಾಕಿದ ಹಾಗೇ ಇರುತ್ತೆ, ಸಾಮಾನು ಹೋಗಿದ್ದು ಗೊತ್ತಾಗೋದು ಮನೆಗೆ ಬಂದ ಮೇಲೆ. ಹಾಗಾಗಿ ರನ್ನರ್‌ಗಳನ್ನು ಒಂದಕ್ಕೊಂದು ಸೇರಿಸುವ ಬದಲು ಬ್ಯಾಗಿನ ತುದಿಯಲ್ಲಿ ಹೊಲಿದಿರುವ ಕುಣಿಕೆಗೆ ಸೇರಿಸಿ ಬೀಗ ಹಾಕಿ. ಆಗ ತೆರೆದರೂ ಮುಚ್ಚೋಕಾಗಲ್ಲ, ಬಂದ ತಕ್ಷಣ ಕಣ್ಣಿಗೆ ಬೀಳುತ್ತೆ. ಕಳ್ಳತನ ಮಾತ್ರ ಇದರಿಂದ ನಿಲ್ಲಲ್ಲ. ಬ್ಯಾಗಿನ ಬೆಲ್ಟ್ ಕೊಯ್ಯೋಕೆ ಒಂದು ಬ್ಲೇಡ್ ಸಾಕು, ಪ್ಲಾಸ್ಟಿಕ್ ಬಕಲ್ ಇದ್ದರೆ ಅದೂ ಬೇಡ.

ಪ್ಲಾಸ್ಟಿಕ್ ಹೊದಿಕೆಯ 5–6 ಎಂಎಂ ಸ್ಟೀಲ್ ಕೇಬಲ್, ಆರಡಿ ಉದ್ದದ್ದು ತಗೊಳ್ಳಿ. ನಂಬರ್ ಬೀಗವಾದರೆ ನಾಲ್ಕು ಅಂಕಿಯದ್ದು. ಹೆಲ್ಮೆಟ್‌ನ ಗದ್ದದ ಪಟ್ಟಿಗೆ ಕೇಬಲ್ ಪೋಣಿಸಿದರೆ ಪಟ್ಟಿ ಕೊಯ್ದು ಒಯ್ಯುತ್ತಾರೆ. ವೈಸರ್ ಎತ್ತಿ ಮುಖದ ಕಿಂಡಿಯಿಂದ ಒಳಗೆ ಬಿಟ್ಟು ಕುತ್ತಿಗೆಯ ಕಡೆಯಿಂದ ಹೊರಗೆ ಎಳೆಯಿರಿ, ಗದ್ದದ ಗಟ್ಟಿ ಭಾಗ ಕೇಬಲ್ ಒಳಗೆ ಸಿಕ್ಕಿಕೊಳ್ಳುತ್ತೆ. ಅಲ್ಲಿಂದ ಬ್ಯಾಗಿನ ಹಿಡಿ, ಕೊನೆಗೆ ಸೀಟಿನ ಕೆಳಗಿನ ಫ್ರೇಮ್ ಪೈಪ್. ಸ್ಯಾರಿ ಗಾರ್ಡ್‌ಗೆ ಮಾತ್ರ ಕಟ್ಟಬೇಡಿ, ಅದು ನಿಂತಿರೋದು ಕೆಲವೇ ಬೋಲ್ಟ್ ಮೇಲೆ, ಸ್ಪ್ಯಾನರ್ ಇದ್ದರೆ ಅದೇ ಕಳಚಿ ಬರುತ್ತೆ. ಕೇಬಲ್ ಸೈಲೆನ್ಸರ್‌ಗೆ ತಾಗದಿರಲಿ, ಹೊದಿಕೆ ಕರಗುತ್ತೆ. ಹೊರಡುವಾಗ ಪೂರ್ತಿ ಬಿಚ್ಚಿ ಒಳಗಿಡಿ. ಜೋತುಬಿದ್ದ ತುದಿ ಚೈನ್‌ಗೋ ಸ್ಪೋಕ್‌ಗೋ ಸಿಕ್ಕಿದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳುತ್ತೀರಿ.

ಇಷ್ಟೆಲ್ಲ ಮಾಡಿದರೂ ಒಳ್ಳೆ ಕಟರ್ ಮುಂದೆ ಈ ಕೇಬಲ್ ಹೆಚ್ಚು ಹೊತ್ತು ನಿಲ್ಲಲ್ಲ. ಹೈವೇಯಲ್ಲಿ ಬೈಕ್ ಕಣ್ಣೆದುರಿಗಿಟ್ಟು ಊಟ ಮಾಡೋಕೆ ಸಾಕು, ಮೂರು ಗಂಟೆ ಕಣ್ಮರೆಯಾಗೋಕೆ ಸಾಲದು. ಹೇಗೂ ರಾತ್ರಿ ದುರ್ಗದಲ್ಲೇ ಇರುತ್ತೀರಿ. ಮೊದಲು ರೂಮ್ ಮಾಡಿ, ಬ್ಯಾಗು ಅಲ್ಲಿಟ್ಟು, ಬರಿ ಬೈಕಲ್ಲಿ ಕೋಟೆಗೆ ಹೋಗಿ. ಮಧ್ಯಾಹ್ನಕ್ಕೆ ಮುಂಚೆ ರೂಮ್ ಕೊಡದಿದ್ದರೂ ಬ್ಯಾಗ್ ಇಟ್ಟುಕೊಳ್ಳಿ ಅಂತ ರಿಸೆಪ್ಶನ್‌ನಲ್ಲಿ ಕೇಳಿ. ಟ್ಯಾಂಕ್ ಬ್ಯಾಗ್ ಎಲ್ಲೇ ನಿಂತರೂ ಜೊತೆಗೇ ಬರಬೇಕು, ಮ್ಯಾಗ್ನೆಟ್ ಕಿತ್ತುಕೊಳ್ಳೋಕೆ ಒಂದು ಕೈ ಸಾಕು. ಅದಕ್ಕೆ ಹೆಗಲಪಟ್ಟಿ ಇರಲಿ, ಓಬವ್ವನ ಕಿಂಡಿ, ಬಂಡೆ ಮೆಟ್ಟಿಲಲ್ಲಿ ಎರಡೂ ಕೈ ಬಿಡುವಾಗಿರಬೇಕು.

ಪ್ರಶ್ನೆ: ಹಾಗಾದರೆ ಸೀಟಿನ ಹಿಂದೆ ಕೂರಿಸುವ ಬೀಗದ ಪೆಟ್ಟಿಗೆ, ಟಾಪ್ ಬಾಕ್ಸ್ ಹಾಕಿಸಿದರೆ?

ಉತ್ತರ – ಅದೇ ಫಿಟ್ಟರ್:

ಒಳ್ಳೆಯದು, ಫಿಟ್ಟಿಂಗ್ ಸರಿಯಿದ್ದರೆ. ಯೂನಿವರ್ಸಲ್ ಪ್ಲೇಟನ್ನು ಕ್ಯಾರಿಯರ್‌ಗೆ ಕೂರಿಸುವಾಗ ಬೋಲ್ಟ್ ಮೇಲಿಂದ ಹಾಕಿ ನಟ್ ಕೆಳಗೆ ಬಿಗಿಯುವುದು ರೂಢಿ. ಆಗ ಬಾಕ್ಸ್‌ಗೆ ಬೀಗ ಇದ್ದರೂ 10ನೇ ನಂಬರ್ ಸ್ಪ್ಯಾನರ್‌ನಿಂದ ಕೆಳಗಿನ ನಾಲ್ಕು ನಟ್ ತೆಗೆದು ಪ್ಲೇಟ್ ಸಮೇತ ಒಯ್ಯಬಹುದು. ಉಲ್ಟಾ ಹಾಕಿಸಿ: ನುಣ್ಣನೆ ಗುಂಡುತಲೆಯ ಎಂ6 ಕ್ಯಾರೇಜ್ ಬೋಲ್ಟ್ ಕೆಳಗಿನಿಂದ, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್) ಮೇಲೆ. ಈ ಬೋಲ್ಟ್‌ನ ಕತ್ತು ಚೌಕ, ಅದು ತಿರುಗದಿರಲು ಕೆಳಗಿನ ಪಟ್ಟಿಯ ತೂತನ್ನೂ ಅರದಿಂದ ಚೌಕ ಮಾಡಬೇಕು. ಬಾಕ್ಸ್ ಕೂತ ಮೇಲೆ ನಟ್ ಯಾರ ಕೈಗೂ ಸಿಗಲ್ಲ. ತೂಕದ ಮಿತಿ ಬಾಕ್ಸ್ ಮೇಲೂ ಕ್ಯಾರಿಯರ್ ಮೇಲೂ ಬರೆದಿರುತ್ತೆ, ಸಾಮಾನ್ಯವಾಗಿ 3ರಿಂದ 5 ಕೆಜಿ. ಮೀರಿದರೆ ಕ್ಯಾರಿಯರ್ ವೆಲ್ಡಿಂಗ್ ಬಿರುಕು ಬಿಡುತ್ತೆ. ಎರಡು ಫುಲ್‌ಫೇಸ್ ಹಿಡಿಯಬೇಕಾದರೆ 45 ಲೀಟರ್‌ಗಿಂತ ದೊಡ್ಡದು ಬೇಕು, ಹೆಲ್ಮೆಟ್ ಒಯ್ದು ಹಾಕಿ ನೋಡಿಯೇ ಕೊಳ್ಳಿ.

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆ ಕಡೆ ಬ್ಯಾಂಕ್ ವ್ಯವಹಾರ ಜಾಸ್ತಿ. ಡ್ರಾ ಮಾಡಿದ ದುಡ್ಡು ಸ್ಕೂಟರ್ ಡಿಕ್ಕಿಯಲ್ಲಿಟ್ಟು ಐದು ನಿಮಿಷ ಅಂಗಡಿಗೆ ಹೋಗಿ ಬರಬಹುದಾ?

ಉತ್ತರ – ಅದೇ ಫಿಟ್ಟರ್:

ದಯವಿಟ್ಟು ಬೇಡ. ಸೀಟಿನ ತಳ ಪ್ಲಾಸ್ಟಿಕ್, ಮುಂದೆ ಕೀಲು, ಹಿಂದೆ ಒಂದೇ ಕೊಂಡಿ. ಪಕ್ಕದ ಅಂಚು ಹಿಡಿದು ಎತ್ತಿದರೆ ಬಾಗಿ ಕೈ ತೂರುವಷ್ಟು ಸಂದಿ ಬಿಡುತ್ತೆ, ಬೀಗ ಮುರಿಯೋದೇ ಬೇಡ. ಬೈಕಿನ ಟ್ಯಾಂಕ್ ಕವರ್ ಜೇಬು ಇನ್ನೂ ಕಡೆ. ಬ್ಯಾಂಕಿನ ಒಳಗಿಂದಲೇ ಹಿಂಬಾಲಿಸಿ ಬರುವವರಿರುತ್ತಾರೆ. ನೆಲದ ಮೇಲೆ ನೋಟು ಬೀಳಿಸಿ "ನಿಮ್ಮ ದುಡ್ಡು ಬಿದ್ದಿದೆ" ಅನ್ನೋದು, ಟೈರ್ ಗಾಳಿ ಬಿಡೋದು, ಅಂಗಿ ಮೇಲೆ ಹೊಲಸು ಚೆಲ್ಲೋದು ಅವರ ಹಳೇ ವರಸೆ. ದುಡ್ಡನ್ನು ಬ್ಯಾಂಕ್ ಒಳಗೇ ಎದೆಗಡ್ಡ ಹಾಕುವ ಬ್ಯಾಗಿಗೆ ಸೇರಿಸಿ, ಅದು ಮನೆ ತಲುಪುವ ತನಕ ಮೈಮೇಲಿರಲಿ. ಎಪಿಎಂಸಿಗೆ ಮೆಕ್ಕೆಜೋಳ ಮಾರಲು ಬರುವ ರೈತರು ಹಣವನ್ನು ಖಾತೆಗೇ ಹಾಕಿಸಿಕೊಳ್ಳಲಿ.

ಪ್ರಶ್ನೆ: ಕಳುವಾದರೆ ಇನ್ಶೂರೆನ್ಸ್ ಬರುತ್ತಾ?

ಉತ್ತರ – ವಕೀಲರು, ಚಿತ್ರದುರ್ಗ:

ದ್ವಿಚಕ್ರ ಪಾಲಿಸಿಯಲ್ಲಿ ಬ್ಯಾಗು, ಫೋನು, ಬಟ್ಟೆ ಸೇರಲ್ಲ. ಮಾಮೂಲಿ ಪಾಲಿಸಿಯಲ್ಲಿ ಆಕ್ಸೆಸರಿ ಮಾತ್ರ ಕಳುವಾದರೂ ಹಣ ಬರಲ್ಲ, ಗಾಡಿಯೂ ಜೊತೆಗೇ ಹೋಗಿರಬೇಕು.

ಪೊಲೀಸರ ಇ-ಲಾಸ್ಟ್ ಆಪ್‌ನಲ್ಲಿ ಹಾಕಿ ಸುಮ್ಮನಾಗಬೇಡಿ, ಅದು ಕಳೆದುಹೋದ ವಸ್ತುವಿಗೆ, ಕಳವಿಗಲ್ಲ. 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಡಿ. ಹೋದ ಪ್ರತಿ ವಸ್ತುವಿನ ಬೆಲೆ ಬರೆದು ಒಟ್ಟು ಹಾಕಿ, ಬಿಲ್ ಇದ್ದರೆ ಲಗತ್ತಿಸಿ. ಯಾಕೆಂದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 303(2)ರ ಅಡಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವು ಅಸಂಜ್ಞೇಯ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹೆಲ್ಮೆಟ್, ಬ್ಯಾಗು, ಒಳಗಿನ ಸಾಮಾನು ಸೇರಿಸಿದರೆ ಎಷ್ಟೋ ಸಲ ಮೊತ್ತ ಅದನ್ನು ದಾಟುತ್ತೆ. ದಾಟಿದ್ದರೆ ದುರ್ಗದಲ್ಲಿ ಆದದ್ದಕ್ಕೆ ದಾವಣಗೆರೆ ಠಾಣೆಯಲ್ಲೂ ಜೀರೋ ಎಫ್‌ಐಆರ್ ಕೊಡಬಹುದು, ಪ್ರತಿ ಉಚಿತ.

ಫೋನ್ ಹೋಗಿದ್ದರೆ ದೂರಿನ ಪ್ರತಿ ಇಟ್ಟು ಕಳೆದ ಫೋನ್ ತಡೆಹಿಡಿಯುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಿ. ಆ ಸಂಖ್ಯೆಯನ್ನು *#06# ಒತ್ತಿ ಇವತ್ತೇ ಮನೆಯಲ್ಲಿ ಬರೆದಿಡಿ. ಮೂಲ ಆರ್‌ಸಿ, ಸ್ಪೇರ್ ಕೀಲಿ ಬೈಕಿನ ಸೈಡ್ ಬಾಕ್ಸ್‌ನಲ್ಲಿ ಇಡಲೇಬೇಡಿ. ತಪಾಸಣೆಗೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆ ಮೂಲದಷ್ಟೇ ಮಾನ್ಯ.