ಡೆಟ್ರಾಯ್ಟ್ ಸಂಬಳ, ವಿಂಡ್ಸರ್ ಮನೆ: ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಕತ್ತರಿಸಿದ್ದಾರೆ, ದಾರಿ ತೋರಿಸಿ

ನದಿಯಾಚೆ:
ಎಲ್ಲರಿಗೂ ನಮಸ್ಕಾರ. ಕೈಯಲ್ಲಿರುವ ಕಾಗದ ನೋಡಿ ನೋಡಿ ತಲೆ ಕೆಟ್ಟಿದೆ. ಮನೆ ಕೆನಡಾದ ವಿಂಡ್ಸರ್‌ನಲ್ಲಿ, ಕೆಲಸ ನದಿ ದಾಟಿದರೆ ಸಿಗುವ ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಕೆನಡಾ ಪಾಸ್‌ಪೋರ್ಟ್, ಅಮೆರಿಕದಲ್ಲಿ ಕೆಲಸ ಮಾಡಲು ಟಿಎನ್ ಸ್ಟೇಟಸ್ ಅನ್ನುವ ಅನುಮತಿ. ಸಂಬಳದಲ್ಲಿ ಅಮೆರಿಕದ ಟ್ಯಾಕ್ಸ್ ಪೂರ್ತಿ ಹಿಡಿಯುತ್ತಾರೆ. ಅದನ್ನು 2024ರ ಕೆನಡಾ ರಿಟರ್ನ್‌ನಲ್ಲಿ ಟಿ2209 ಫಾರ್ಮ್ ಹಾಕಿ ಕ್ರೆಡಿಟ್ ಕೇಳಿದೆ, ಅಂದರೆ ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಿರಿ ಅಂತ. ಈಗ ಅರ್ಧಕ್ಕರ್ಧ ಕತ್ತರಿಸಿ, ಬಡ್ಡಿ ಸೇರಿಸಿ ರೀಅಸೆಸ್‌ಮೆಂಟ್ (ತೆರಿಗೆ ಮರುಲೆಕ್ಕದ ನೋಟಿಸ್) ಬಂದಿದೆ. ಒಂದೇ ದುಡಿಮೆಗೆ ಎರಡು ಕಡೆ ತೆರಿಗೆ ಕಟ್ಟಬೇಕಾ? ಎರಡು ದೇಶದ ನಡುವೆ ಒಪ್ಪಂದ ಇರುವುದು ಮತ್ತೆ ಯಾಕೆ? ಯಾರಿಗಾದರೂ ಹೀಗಾಗಿದ್ದರೆ ಹೇಳಿ.

ಸೇತುವೆಪಕ್ಕ:
ನೂರಕ್ಕೆ ತೊಂಬತ್ತು ಸಲ ಇದು ಎಕ್ಸ್‌ಚೇಂಜ್ ರೇಟ್ ತಪ್ಪು ಸಾರ್. ಒಂದು ಅಮೆರಿಕನ್ ಡಾಲರ್‌ಗೆ ಬ್ಯಾಂಕ್ ಆಫ್ ಕೆನಡಾದ 2024ರ ಸರಾಸರಿ 1.3698 ಕೆನಡಾ ಡಾಲರ್. 2023ಕ್ಕೆ 1.3497 ಇತ್ತು. ಹಳೆಯದನ್ನು ಹಾಕಿಬಿಟ್ಟಿದ್ದೀರಾ ನೋಡಿ.

ನದಿಯಾಚೆ:
1.3698 ಹಾಕಿದ್ದೇನೆ.

ಸೇತುವೆಪಕ್ಕ:
ಆದಾಯಕ್ಕೆ ಒಂದು ರೇಟ್, ಟ್ಯಾಕ್ಸ್‌ಗೆ ಇನ್ನೊಂದು ಹಾಕಿರಬಹುದು ಅಲ್ವಾ? ಎರಡೂ ಸಾಲು ಒಮ್ಮೆ ನೋಡಿ. ಸಾಫ್ಟ್‌ವೇರ್ ತಾನಾಗಿಯೇ ತುಂಬುತ್ತದೆ ಅಂತ ಬಿಟ್ಟರೆ ಕೆಲವು ಸಲ ಒಂದು ಕಡೆ ಮಾತ್ರ ಬದಲಾಗುತ್ತದೆ.

ಲೆಕ್ಕದಪುಸ್ತಕ:
ರೇಟ್ ವ್ಯತ್ಯಾಸಕ್ಕೆ ಅರ್ಧ ಕ್ರೆಡಿಟ್ ಹೋಗುವುದಿಲ್ಲ, ಅದನ್ನು ಬಿಡೋಣ. ನದಿಯಾಚೆ ಅವರೇ, ಡಬ್ಲ್ಯೂ-2ರ (ಕಂಪನಿ ಕೊಡುವ ಸಂಬಳ, ತೆರಿಗೆಯ ಪಟ್ಟಿ) ಯಾವ ಬಾಕ್ಸ್‌ನಿಂದ ಮೊತ್ತ ತೆಗೆದಿರಿ? ಬಾಕ್ಸ್ 2ರಲ್ಲಿ ಇರುವುದು ಹಿಡಿದ ಹಣ. ಸಿಆರ್‌ಎ (ಕೆನಡಾದ ತೆರಿಗೆ ಇಲಾಖೆ) ಕೇಳುವುದು ಕೊನೆಗೆ ನಿಜವಾಗಿ ಕಟ್ಟಬೇಕಾಗಿ ಬಂದ ತೆರಿಗೆ, ಅಂದರೆ 1040-ಎನ್‌ಆರ್ (ಅಮೆರಿಕದ ನಿವಾಸಿಯಲ್ಲದವರು ಅಲ್ಲಿ ಕೊಡುವ ರಿಟರ್ನ್) ಪ್ರಕಾರ ಬಂದದ್ದು. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ರೀಫಂಡ್ ಬಂದಿದ್ದರೆ ಅದನ್ನು ಕಳೆಯಲೇಬೇಕು. ಪುರಾವೆಯಾಗಿ ಐಆರ್‌ಎಸ್‌ನ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ (ನಿಮ್ಮ ತೆರಿಗೆ ಖಾತೆಯ ನಕಲು) ಕೊಡಿ. 4506-ಟಿ ಫಾರ್ಮ್ ತುಂಬಿ ಕಳಿಸಿದರೆ ಪುಕ್ಕಟೆ ಬರುತ್ತದೆ.

ನದಿಯಾಚೆ:
ಬಾಕ್ಸ್ 2, 17, 19 (ಫೆಡರಲ್, ರಾಜ್ಯ, ನಗರದ ತೆರಿಗೆ) ಮೂರನ್ನೂ ಕೂಡಿಸಿದ್ದೆ. ಸ್ವಲ್ಪ ರೀಫಂಡ್ ಬಂದಿದೆ, ನಿಜ. ಅದನ್ನು ಕಳೆದರೂ ಲೆಕ್ಕ ಕೂಡುತ್ತಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಕತ್ತರಿಸಿದ್ದಾರೆ.

ಉಳಿತಾಯ:
1040-ಎನ್‌ಆರ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಕಳೆಯಲು ಬಿಡುವ ನಿಗದಿತ ಮೊತ್ತ) ತೆಗೆದುಕೊಂಡಿರಾ? ಭಾರತದವರಿಗೆ ಸಿಗುತ್ತದೆ. ನಾನು ಎಂಎಸ್ ಓದುವಾಗ ಪ್ರತಿ ವರ್ಷ ತೆಗೆದುಕೊಂಡಿದ್ದೇನೆ.

ಲೆಕ್ಕದಪುಸ್ತಕ:
ಅದು ಭಾರತ–ಅಮೆರಿಕ ಒಪ್ಪಂದದ 21ನೇ ವಿಧಿ. ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ, ತರಬೇತಿಯಲ್ಲಿರುವವರಿಗೆ ಮಾತ್ರ. ಇವರು ಕೆನಡಾದಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವವರು. ಇವರಿಗೆ ಇಲ್ಲ.

ಉಳಿತಾಯ:
ಹುಟ್ಟಿದ್ದು ಭಾರತದಲ್ಲೇ ಅಲ್ವಾ? ನನಗೆ ಯಾರೂ ಬೇಡ ಅನ್ನಲಿಲ್ಲ.

ಲೆಕ್ಕದಪುಸ್ತಕ:
ನೀವು ಆಗ ವಿದ್ಯಾರ್ಥಿ, ಅದಕ್ಕೇ ಸಿಕ್ಕಿತು. ಎಲ್ಲಿ ಹುಟ್ಟಿದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಹೋಗುವ ಮುಂಚೆ ಯಾವ ದೇಶದ ನಿವಾಸಿ ಅನ್ನುವುದು ಬರುತ್ತದೆ. ದಯವಿಟ್ಟು ಇವರನ್ನು ಆ ಕಡೆ ಕಳಿಸಬೇಡಿ, ನಾಳೆ ಇನ್ನೊಂದು ನೋಟಿಸ್ ಬರುತ್ತದೆ.

ಟನೆಲ್‌ಬಸ್:
ರೀಅಸೆಸ್‌ಮೆಂಟ್‌ನಲ್ಲಿ ಕಾರಣದ ಸಾಲು ಇರುತ್ತದೆ. ಅದನ್ನು ಹಾಗೇ ಬರೆಯಿರಿ. ಅದಿಲ್ಲದೆ ನಾವೆಲ್ಲ ಸುಮ್ನೆ ಊಹೆ ಮಾಡುತ್ತಿದ್ದೇವೆ.

ನದಿಯಾಚೆ:
ಕೆನಡಾದೊಳಗೆ ಮಾಡಿದ ಕೆಲಸದ ಆದಾಯ ವಿದೇಶಿ ಆದಾಯವಲ್ಲ, ಅದರ ಮೇಲಿನ ತೆರಿಗೆಗೆ ಕ್ರೆಡಿಟ್ ಇಲ್ಲ, ಅಂತ ಇದೆ. ಕಂಪನಿ ಪೂರ್ತಿ ಅಮೆರಿಕದ್ದು, ಕೆನಡಾದಲ್ಲಿ ಅವರಿಗೆ ಒಂದು ಕುರ್ಚಿಯೂ ಇಲ್ಲ. ಬೇರೆ ಯಾರದೋ ಫೈಲ್ ಜೊತೆ ಬೆರೆತಿದೆ ಅಂದುಕೊಂಡು ಬರೆದಿರಲಿಲ್ಲ.

ಟನೆಲ್‌ಬಸ್:
ವರ್ಕ್ ಫ್ರಮ್ ಹೋಮ್ ಇದೆಯಾ?

ನದಿಯಾಚೆ:
ಹೌದು, ಸೋಮವಾರ, ಶುಕ್ರವಾರ. ಎಲ್ಲರಿಗೂ ಇರುತ್ತದಲ್ಲ. ಸಿಆರ್‌ಎ ರಿವ್ಯೂ ಬಂದಾಗ ಎಚ್‌ಆರ್‌ನಿಂದ ಪತ್ರ ತರಿಸಿ ಕೊಟ್ಟಿದ್ದೆ, ಅದರಲ್ಲೂ ಹಾಗೇ ಬರೆದಿದ್ದಾರೆ.

ಟನೆಲ್‌ಬಸ್:
ಇದೇ ಸಮಸ್ಯೆ. ಸಂಬಳ ಕೊಡುವ ಕಂಪನಿ ಎಲ್ಲಿದೆ ಅನ್ನುವುದಲ್ಲ, ಕೆಲಸ ಮಾಡುವಾಗ ನೀವು ಎಲ್ಲಿ ಕೂತಿದ್ದಿರಿ ಅನ್ನುವುದು ಮುಖ್ಯ. ಕೆನಡಾ–ಅಮೆರಿಕ ಒಪ್ಪಂದದ 15ನೇ ವಿಧಿಯೂ ಇದನ್ನೇ ಹೇಳುತ್ತದೆ. ವಿಂಡ್ಸರ್ ಮನೆಯಲ್ಲಿ ಕೂತು ದುಡಿದ ಹಣಕ್ಕೆ ತೆರಿಗೆ ಹಾಕುವ ಹಕ್ಕು ಕೆನಡಾಕ್ಕೆ ಮಾತ್ರ.

ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ. ಸಂಬಳ 1,00,000 ಡಾಲರ್, ವರ್ಷಕ್ಕೆ 240 ಕೆಲಸದ ದಿನ. ವಾರಕ್ಕೆ ಎರಡು ದಿನ ಮನೆ ಅಂದರೆ 96 ದಿನ. ಹಾಗಾದರೆ 40,000 ಕೆನಡಾದ ಆದಾಯ, 60,000 ಅಮೆರಿಕದ್ದು. ಕಂಪನಿ ಪೂರ್ತಿ ಲಕ್ಷದ ಮೇಲೆ ಹಿಡಿದಿದೆ, ನಿಮ್ಮ 1040-ಎನ್‌ಆರ್‌ನಲ್ಲೂ ಪೂರ್ತಿ ಲಕ್ಷ ತೋರಿಸಿದ್ದಾರೆ. ಆ 40,000ದ ಮೇಲೆ ಅಮೆರಿಕಕ್ಕೆ ಕಟ್ಟಬೇಕಾಗಿಯೇ ಇರಲಿಲ್ಲ. ಕಟ್ಟಬೇಕಿಲ್ಲದ ತೆರಿಗೆಗೆ ಕೆನಡಾ ಕ್ರೆಡಿಟ್ ಕೊಡುವುದಿಲ್ಲ. ಆ ಹಣವನ್ನು ಅಮೆರಿಕದಿಂದಲೇ ವಾಪಸ್ ಪಡೆಯಬೇಕು.

ಮಿಷಿಗನ್‌ನ 4.25%, ಹೊರಗಿನವರಿಗೆ ಡೆಟ್ರಾಯ್ಟ್ ನಗರ ಹಾಕುವ 1.2%, ಇವಕ್ಕೂ ಇದೇ ಲೆಕ್ಕ. ಮಿಷಿಗನ್‌ಗೆ ಎಂಐ-1040 ಜೊತೆ ಶೆಡ್ಯೂಲ್ ಎನ್‌ಆರ್ ತಿದ್ದಿ ಕೊಡಬೇಕು, ನಗರಕ್ಕೆ ಬೇರೆ ರಿಟರ್ನ್.

ನದಿಯಾಚೆ:
ಅಯ್ಯೋ. ರಿಟರ್ನ್ ತುಂಬಿಕೊಟ್ಟವರು ಈ ಪ್ರಶ್ನೆಯನ್ನೇ ಕೇಳಲಿಲ್ಲ. ಡಬ್ಲ್ಯೂ-2 ಕಳಿಸಿ ಅಂದರು, ಕಳಿಸಿದೆ.

ಸೇತುವೆಪಕ್ಕ:
ಆದರೂ ಒಮ್ಮೆ ರೇಟ್ ನೋಡಿಬಿಡಿ, ಎರಡೂ ತಪ್ಪು ಇರಬಹುದು.

ಶೀಟ್‌ಮಾಸ್ಟರ್:
ಇದಕ್ಕೇ ನಾನು ಎಲ್ಲವನ್ನೂ ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಪ್ರತಿ ದಿನಕ್ಕೆ ಒಂದು ಸಾಲು: ಮನೆ, ಆಫೀಸ್, ರಜೆ. ಗಡಿಯ ನೆಕ್ಸಸ್ ಲೇನ್‌ನಲ್ಲಿ (ಮೊದಲೇ ನೋಂದಾಯಿಸಿದವರ ಸಾಲು) ದಾಟಿದ ಸಮಯ, ಆಫೀಸ್ ಬ್ಯಾಡ್ಜ್ ಲಾಗ್, ಟನೆಲ್ ಟೋಲ್ ರಸೀದಿ, ಮೂರೂ ಬೇರೆ ಬೇರೆ ಕಾಲಮ್. ಮೂರರಲ್ಲಿ ಒಂದು ಹೊಂದದಿದ್ದರೆ ಕೋಶ ಕೆಂಪಾಗುತ್ತದೆ. ಪಿವಟ್ ಟೇಬಲ್ ಒತ್ತಿದರೆ ಎರಡೂ ದೇಶದ ದಿನ ತಾನಾಗಿಯೇ ಬರುತ್ತದೆ. ಎರಡು ಮಾನಿಟರ್ ಇದ್ದರೆ ಒಂದರಲ್ಲಿ ಶೀಟ್, ಇನ್ನೊಂದರಲ್ಲಿ ರಿಟರ್ನ್. ಕೆನಡಾ ತೆರಿಗೆ ಕಂತುಗಳ ಟ್ಯಾಬ್ ಕೂಡ ಇದೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ 15.

ನದಿಯಾಚೆ:
ಬ್ಯಾಡ್ಜ್ ಲಾಗ್ ಎಚ್‌ಆರ್‌ನಿಂದ ಸಿಗುತ್ತದಾ?

ಶೀಟ್‌ಮಾಸ್ಟರ್:
ನಮ್ಮಲ್ಲಿ ಸೆಕ್ಯೂರಿಟಿಯವರು ಕೊಟ್ಟರು. ಗಡಿ ದಾಟಿದ ದಾಖಲೆಯನ್ನು ಕೆನಡಾದ ಗಡಿ ಸಂಸ್ಥೆ ಸಿಬಿಎಸ್‌ಎಗೆ ಅರ್ಜಿ ಹಾಕಿ ತರಿಸಬಹುದು.

ಲೆಕ್ಕದಪುಸ್ತಕ:
ನನಗೆ ಇನ್ನೊಂದು ಚಿಂತೆ. ದಿನಾ ಗಡಿ ದಾಟುವವರ ದಿನಗಳು ಅಮೆರಿಕದ 183 ದಿನದ ಪರೀಕ್ಷೆಗೆ (ಅಲ್ಲಿನ ನಿವಾಸಿಯೇ ಎಂದು ದಿನ ಎಣಿಸಿ ನೋಡುವುದು) ಬರುವುದಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ಆದರೆ ಆ ವಿನಾಯಿತಿ ಸಿಗಬೇಕಾದರೆ ಒಟ್ಟು ಕೆಲಸದ ದಿನಗಳಲ್ಲಿ 75%ಕ್ಕಿಂತ ಹೆಚ್ಚು ದಿನ ದಾಟಿರಬೇಕು. ಮನೆಯಿಂದ ಮಾಡಿದ ದಿನವೂ ಕೆಲಸದ ದಿನವೇ. ವಾರಕ್ಕೆ ಒಂದು ದಿನ ಮನೆ ಅಂದರೆ 80%, ಪಾರು. ಎರಡು ದಿನ ಅಂದರೆ 60%, ವಿನಾಯಿತಿ ಹೋಯಿತು. ಮೇಲಿನ ಉದಾಹರಣೆಯಂತೆ ವರ್ಷಕ್ಕೆ 144 ದಿನ ಮೂರು ವರ್ಷ ನಡೆದರೆ, ಈ ವರ್ಷದ್ದು ಪೂರ್ತಿ, ಹಿಂದಿನದರ ಮೂರನೇ ಒಂದು, ಅದರ ಹಿಂದಿನದರ ಆರನೇ ಒಂದು ಪಾಲು: 144 + 48 + 24 = 216, 183 ದಾಟಿತು. ಅಮೆರಿಕದ ಕಣ್ಣಿಗೆ ನೀವು ಅಲ್ಲಿನ ನಿವಾಸಿ.

ಉಳಿತಾಯ:
ಅದಕ್ಕೆ 8840 ಫಾರ್ಮ್ ಇದೆಯಲ್ಲ, ಕ್ಲೋಸರ್ ಕನೆಕ್ಷನ್, ಅಂದರೆ ನನ್ನ ನಂಟು ಬೇರೆ ದೇಶದ ಜೊತೆಗೇ ಹೆಚ್ಚು ಅಂತ ಹೇಳುವುದು. ಆ ವರ್ಷ 183 ದಿನಕ್ಕಿಂತ ಕಡಿಮೆ ಇದ್ದರೆ ಸಾಕು.

ಲೆಕ್ಕದಪುಸ್ತಕ:
ಸಾಲದು. 8840ಕ್ಕೆ ಟ್ಯಾಕ್ಸ್ ಹೋಮ್ ಅಮೆರಿಕದ ಹೊರಗಿರಬೇಕು. ಟ್ಯಾಕ್ಸ್ ಹೋಮ್ ಅಂದರೆ ಮುಖ್ಯವಾಗಿ ಕೆಲಸ ಮಾಡುವ ಜಾಗ, ಮಲಗುವ ಮನೆ ಅಲ್ಲ. ಇವರದು ಡೆಟ್ರಾಯ್ಟ್.

ಉಳಿತಾಯ:
ಚಳಿಗಾಲ ಫ್ಲೋರಿಡಾದಲ್ಲಿ ಕಳೆಯುವವರೆಲ್ಲ 8840 ಕೊಡುತ್ತಾರೆ.

ಲೆಕ್ಕದಪುಸ್ತಕ:
ಅವರು ಅಲ್ಲಿ ಕೆಲಸಕ್ಕೆ ಹೋಗುವುದಿಲ್ಲ. ನದಿಯಾಚೆ ಅವರೇ, ಡೆಟ್ರಾಯ್ಟ್‌ನಲ್ಲಿ ರೂಮು ಏನಾದರೂ ಬಾಡಿಗೆಗೆ ಇಟ್ಟಿದ್ದೀರಾ?

ನದಿಯಾಚೆ:
ಇಲ್ಲ. ರಾತ್ರಿ ಊಟಕ್ಕೆ ವಿಂಡ್ಸರ್ ಮನೆಗೇ.

ಲೆಕ್ಕದಪುಸ್ತಕ:
ಹಾಗಾದರೆ ಒಳ್ಳೆಯದು. ಒಪ್ಪಂದದ 4ನೇ ವಿಧಿಯ ಪ್ರಕಾರ ಕಾಯಂ ಮನೆ ಒಂದೇ ದೇಶದಲ್ಲಿದ್ದರೆ ನೀವು ಆ ದೇಶದ ನಿವಾಸಿ. 1040-ಎನ್‌ಆರ್ ಜೊತೆ 8833 ಫಾರ್ಮ್ ಲಗತ್ತಿಸಿ ಅದನ್ನು ಹೇಳಬೇಕು. ತಿದ್ದಿದ ರಿಟರ್ನ್ 1040-ಎಕ್ಸ್‌ನಲ್ಲಿ ಕಳಿಸುವಾಗ ಇದನ್ನು ಬಿಡಬೇಡಿ. ಗಡಿ ಎರಡೂ ಕಡೆ ಗೊತ್ತಿರುವ ಲೆಕ್ಕಿಗರ ಹತ್ತಿರ ಮಾಡಿಸಿ, ಈ ಭಾಗವನ್ನು ಒಬ್ಬರೇ ಮಾಡಬೇಡಿ.

ಇನ್ನೊಂದು: ನೀವು ಕೂಡಿಸಿದ ಪಟ್ಟಿಯಲ್ಲಿ ಬಾಕ್ಸ್ 4 ಮತ್ತು 6 ಇಲ್ಲ. ಸೋಶಿಯಲ್ ಸೆಕ್ಯೂರಿಟಿ 6.2%, ಮೆಡಿಕೇರ್ 1.45%. ಡೆಟ್ರಾಯ್ಟ್ ದಿನಗಳ ಪಾಲಿಗೆ ಇದಕ್ಕೂ ಕೆನಡಾದಲ್ಲಿ ಕ್ರೆಡಿಟ್ ಇದೆ, ಒಪ್ಪಂದದಲ್ಲೇ ಬರೆದಿದೆ. ಫೆಡರಲ್‌ನಲ್ಲಿ ಮುಗಿಯದೆ ಉಳಿದದ್ದು ಟಿ2036 ಫಾರ್ಮ್‌ನಲ್ಲಿ ಒಂಟಾರಿಯೊ ಪ್ರಾಂತ್ಯದ ತೆರಿಗೆ ಕಡೆಗೆ ಹೋಗುತ್ತದೆ. ನಿಮ್ಮ ಕೈಬಿಟ್ಟ ಹಣ ಇಲ್ಲೂ ಇದೆ.

ನದಿಯಾಚೆ:
ಇದು ಗೊತ್ತೇ ಇರಲಿಲ್ಲ. ತುಂಬಾ ಉಪಕಾರ. ಮೊದಲು ಯಾವ ಕಡೆಯಿಂದ ಶುರು ಮಾಡಲಿ?

ಟನೆಲ್‌ಬಸ್:
ಮೊದಲು ದಿನಗಳ ಲೆಕ್ಕ, ಎಚ್‌ಆರ್ ಸಹಿಯೊಂದಿಗೆ. ಆಮೇಲೆ ಅಮೆರಿಕದ ತಿದ್ದುಪಡಿ, ಫೈಲ್ ಮಾಡಿದ ಮೂರು ವರ್ಷದೊಳಗೆ ರೀಫಂಡ್ ಕೇಳಬಹುದು. ಆ ರೀಫಂಡ್ ಬರುವವರೆಗೆ ಕೆನಡಾದಲ್ಲಿ ಕಾಯಬೇಡಿ. ಆಕ್ಷೇಪಣೆಗೆ ರೀಅಸೆಸ್‌ಮೆಂಟ್ ತಾರೀಕಿನಿಂದ 90 ದಿನ, ಇಲ್ಲವೇ ರಿಟರ್ನ್ ಗಡುವಿನಿಂದ ಒಂದು ವರ್ಷ, ಯಾವುದು ಆಮೇಲೆ ಬರುತ್ತದೋ ಅದು. ಬಾಕ್ಸ್ 4, 6ರ ಸಲುವಾಗಿ ಅದನ್ನು ಬಳಸಿಕೊಳ್ಳಿ. ಕೈಯಲ್ಲಿ ದುಡ್ಡಿದ್ದರೆ ಬಾಕಿ ಕಟ್ಟಿಬಿಡಿ, ಬಡ್ಡಿ ನಿಲ್ಲುತ್ತದೆ. ಕಟ್ಟಿದ ಮಾತ್ರಕ್ಕೆ ಒಪ್ಪಿಕೊಂಡಂತೆ ಆಗುವುದಿಲ್ಲ.

ಜಲಪಾತ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮನೆ ಕೆನಡಾದ ಫೋರ್ಟ್ ಎರಿ, ಆಫೀಸ್ ನ್ಯೂಯಾರ್ಕ್ ರಾಜ್ಯದ ಬಫಲೊ. ನನಗೂ ಮನೆಯಿಂದ ಕೆಲಸ ಇದೆ. ಇದೇ ಲೆಕ್ಕ ಅಲ್ವಾ?

ಟನೆಲ್‌ಬಸ್:
ಫೆಡರಲ್‌ಗೆ ಹೌದು. ರಾಜ್ಯದ ವಿಷಯ ಬೇರೆ. ನಿಮ್ಮ ಅನುಕೂಲಕ್ಕೆ ಮನೆಯಿಂದ ಮಾಡಿದ ದಿನವನ್ನು ನ್ಯೂಯಾರ್ಕ್ ತನ್ನ ದಿನವಾಗಿಯೇ ಎಣಿಸುವ ನಿಯಮ ಇಟ್ಟುಕೊಂಡಿದೆ. ಹೊಸ ಚರ್ಚೆ ಶುರು ಮಾಡಿ. ವಾರಕ್ಕೆ ಎಷ್ಟು ದಿನ ಮನೆಯಿಂದ, ಯಾರು ಹೇಳಿದ್ದಕ್ಕೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಶೀಟ್‌ಮಾಸ್ಟರ್:
ಶೀಟ್ ಬೇಕಾದವರು ಹೇಳಿ, ನನ್ನ ದಿನಗಳನ್ನು ಅಳಿಸಿ ಖಾಲಿ ಪ್ರತಿ ಹಾಕುತ್ತೇನೆ.

ನದಿಯಾಚೆ:
ನನಗೆ ಬೇಕು ಸಾರ್. ಎಚ್‌ಆರ್‌ಗೆ ಬರೆದಿದ್ದೇನೆ, 4506-ಟಿ ಅಂಚೆಗೆ ಹಾಕಿದೆ. 2022, 2023ರ ರಿಟರ್ನ್‌ಗಳೂ ಇದೇ ರೀತಿ ಹೋಗಿವೆ, ಅವನ್ನೂ ತೆಗೆದು ನೋಡುತ್ತಿದ್ದೇನೆ.