ತುರ್ತು: ‘ಸ್ಪೆಷಲ್ ಮಂತ್ಲಿ ಕಾಂಪೆನ್ಸೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ತುಂಗಾತೀರ:
ನಾಳೆ ಬೆಳಿಗ್ಗೆಯೊಳಗೆ ಎರಡು ಪುಟದ ಮಾಹಿತಿ ಕನ್ನಡ ಮಾಡಿ ಕೊಡಬೇಕು. ಇಲ್ಲಿ ಅಮೆರಿಕದಲ್ಲಿ ಪರಿಚಯದ ಹಿರಿಯರೊಬ್ಬರಿಗೆ ಮೆಸೊಥೀಲಿಯೋಮಾ, ಅಂದರೆ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್. ಹರೆಯದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದರು, ಹಡಗಿನ ಬಾಯ್ಲರ್ ಕೋಣೆಯಲ್ಲಿ. ಆಗ ಪೈಪು, ಬಾಯ್ಲರಿಗೆಲ್ಲ ಅಸ್ಬೆಸ್ಟಾಸ್ ಸುತ್ತುತ್ತಿದ್ದರು. ಅದರ ಧೂಳಿನಿಂದ ಬರುವ ಈ ರೋಗ ಕಾಣಿಸಿಕೊಳ್ಳಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತೆ. ಕಾಗದಪತ್ರ ನೋಡಿಕೊಳ್ಳುವುದು ಅವರ ಹೆಂಡತಿ. ಅವರಿಗೆ ಕನ್ನಡವೇ ಸಲೀಸು.

ಬೇಕಾದ ಪದಗಳು: ಸ್ಪೆಷಲ್ ಮಂತ್ಲಿ ಕಾಂಪೆನ್ಸೇಷನ್, ಅದರೊಳಗೆ ಬರುವ ಏಡ್ ಅಂಡ್ ಅಟೆಂಡೆನ್ಸ್ (ದಿನಾ ಇನ್ನೊಬ್ಬರ ನೆರವು ಬೇಕಾದವರಿಗೆ), ಹೌಸ್‌ಬೌಂಡ್ (ಪದಶಃ, ಮನೆಯಲ್ಲೇ ಉಳಿಯಬೇಕಾದವರು). ಮಾಮೂಲಿ ಪರಿಹಾರದ ಜೊತೆಗೋ ಅದರ ಬದಲಿಗೋ, ತೀರಾ ಕಷ್ಟದಲ್ಲಿರುವವರಿಗೆ ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆ ಕೊಡುವ ಜಾಸ್ತಿ ಹಣ ಇದು.

ಅಚ್ಚಗನ್ನಡಿಗ:
ಮೊದಲು ಅಸ್ಬೆಸ್ಟಾಸ್ ತೆಗೆಯಿರಿ. ಕಲ್ನಾರು ಅಂತ ಚಂದದ ಪದ ಇದೆ. ಕಲ್ಲು, ನಾರು, ಎರಡೂ ನಮ್ಮವೇ. ಗ್ರೀಕರು ‘ಆರದ್ದು’ ಅಂತ ಹೆಸರಿಟ್ಟರು, ನಾವು ಕಣ್ಣಿಗೆ ಕಾಣುವುದನ್ನೇ ಹೇಳಿದೆವು. ‘ಪರಿಹಾರ’ ಸಂಸ್ಕೃತ, ಬೇಡ. ‘ತಿಂಗಳ ತುಂಬಿಕೆ’ ಅನ್ನಿ.

ಹಳೇ ಮೇಷ್ಟ್ರು:
ತಿಂಗಳ ತುಂಬಿಕೆ ಅಂದರೆ ಗ್ಯಾಸ್ ಸಿಲಿಂಡರ್ ತುಂಬಿಸಿದ ಹಾಗಿದೆ. ‘ವಿಶೇಷ ಪಿಂಚಣಿ’ ಸಾಕು. ಹೌಸ್‌ಬೌಂಡ್: ‘ಗೃಹಬಂಧಿತ’. ಇಷ್ಟಕ್ಕೆ ಚರ್ಚೆ ಯಾಕೆ?

ತುಂಗಾತೀರ:
ಮೇಷ್ಟ್ರೇ, ಗೃಹಬಂಧಿತ ಅಂದರೆ ಯಜಮಾನರನ್ನು ಪೊಲೀಸರು ಕೂಡಿಹಾಕಿದ್ದಾರೆ ಅಂದುಕೊಳ್ಳುತ್ತಾರೆ! ಪಿಂಚಣಿಯೂ ಆಗಲ್ಲ. ಇಲ್ಲಿ ಪೆನ್ಷನ್ ಅನ್ನುವುದು ಬೇರೆಯೇ ಯೋಜನೆ. ಯುದ್ಧಕಾಲದಲ್ಲಿ ಸೇವೆ ಮಾಡಿದ, ಆದಾಯ ಕಡಿಮೆ ಇರುವವರಿಗೆ ಅದು. ಕಾಂಪೆನ್ಸೇಷನ್‌ಗೆ ಆದಾಯ ನೋಡುವುದಿಲ್ಲ, ರೋಗಕ್ಕೂ ಸೇವೆಗೂ ಸಂಬಂಧ ಇದೆಯಾ ಅಂತ ನೋಡುತ್ತಾರೆ. ಏಡ್ ಅಂಡ್ ಅಟೆಂಡೆನ್ಸ್ ಎರಡರಲ್ಲೂ ಬರುತ್ತೆ. ಪದ ತಪ್ಪಿದರೆ ಆ ತಾಯಿ ಪೆನ್ಷನ್ ಅರ್ಜಿ ತುಂಬಿಕೊಂಡು ಕೂತಿರುತ್ತಾರೆ.

ಕಾಫಿತೋಟ:
ನಮ್ಮ ಕಡೆ, ಕೊಡಗಿನಲ್ಲಿ, ಮನೆಗೊಬ್ಬರು ಮಿಲಿಟರಿಯವರು. ಭಾರತೀಯ ಸೇನೆಯಲ್ಲೂ ನೂರಕ್ಕೆ ನೂರು ಡಿಸೆಬಿಲಿಟಿ ಇದ್ದು ಸದಾ ಜೊತೆಗೊಬ್ಬರು ಬೇಕಾದವರಿಗೆ ಕಾನ್‌ಸ್ಟೆಂಟ್ ಅಟೆಂಡೆನ್ಸ್ ಅಲೊವೆನ್ಸ್ ಇದೆ. ‘ಆರೈಕೆ ಭತ್ಯೆ’ ಅಂದರೆ ಯಾರಿಗೂ ಅರ್ಥವಾಗುತ್ತೆ. ‘ಅಂಗವಿಕಲ’ ಮಾತ್ರ ಹಾಕಬೇಡಿ. ಕೈಕಾಲು ಸರಿಯಿದೆ, ಉಸಿರಾಡಲು ಆಗಲ್ಲ. ಅವರಿಗೆ ಆ ಪದ ಹೊಂದುವುದಿಲ್ಲ.

ಅಚ್ಚಗನ್ನಡಿಗ:
ಭತ್ಯೆ ಕೂಡ ಸಂಸ್ಕೃತದ ಸಂತಾನವೇ. ಹೋಗಲಿ, ರೋಗದ ಹೆಸರು ‘ಕಲ್ನಾರು ಬೇನೆ’ ಅನ್ನಿ. ಎಲ್ಲಕ್ಕೂ ಒಂದೇ ಪದ, ಸುಲಭ.

ತುಂಗಾತೀರ:
ಒಂದೇ ಪದ ಇಟ್ಟರೇ ತೊಂದರೆ. ಅಸ್ಬೆಸ್ಟೋಸಿಸ್ ಅಂದರೆ ಶ್ವಾಸಕೋಶ ಗಟ್ಟಿಯಾಗಿ ಕಲೆಗಟ್ಟುವುದು. ಅದಕ್ಕೆ ಉಸಿರಿನ ಪರೀಕ್ಷೆ ನೋಡಿ 10, 30, 60 ಅಥವಾ 100 ಪರ್ಸೆಂಟ್ ಡಿಸೆಬಿಲಿಟಿ ರೇಟಿಂಗ್ ಕೊಡುತ್ತಾರೆ. ಮೆಸೊಥೀಲಿಯೋಮಾ ಹೊದಿಕೆಯ ಕ್ಯಾನ್ಸರ್. ಸೇವೆಯಿಂದ ಬಂತು ಅಂತ ಒಪ್ಪಿದರೆ, ರೋಗ ಇರುವಷ್ಟು ಕಾಲ 100. ಎರಡನ್ನೂ ‘ಬೇನೆ’ ಅಂದುಬಿಟ್ಟರೆ ಈ ವ್ಯತ್ಯಾಸವೇ ಹೋಯಿತು.

ಹೌಸ್‌ಬೌಂಡ್‌ನಲ್ಲೂ ಒಂದು ಗಂಟಿದೆ. ನಿಜವಾಗಿ ಮನೆಯಿಂದ ಹೊರಬರಲಾಗದವರಿಗೆ ಇದು ಸಿಗುತ್ತೆ, ಸರಿ. ಆದರೆ ಒಂದು ರೋಗಕ್ಕೇ 100 ಇದ್ದು, ಸೇವೆಗೆ ಸಂಬಂಧಿಸಿದ ಬೇರೆ ತೊಂದರೆಗಳಿಗೆ ಪ್ರತ್ಯೇಕವಾಗಿ ಕನಿಷ್ಠ 60 ಇದ್ದರೂ ಇದೇ ಹಣ ಸಿಗುತ್ತೆ, ಊರೆಲ್ಲ ಸುತ್ತುತ್ತಿದ್ದರೂ. ಹಾಗಾಗಿ ‘ಮನೆ ಬಿಡಲಾಗದವರು’ ಅಂತ ಅನುವಾದಿಸಿದರೆ ‘ನಮಗಿದು ಅಲ್ಲ’ ಅಂತ ಬಿಟ್ಟುಬಿಡುತ್ತಾರೆ. ಏನು ಮಾಡಲಿ?

ಹಳೇ ಮೇಷ್ಟ್ರು:
ಅನುವಾದಿಸಬೇಡಿ. ಕಾನೂನಿನಲ್ಲೇ ಅಕ್ಷರಗಳಿವೆಯಲ್ಲ, ಹೌಸ್‌ಬೌಂಡ್‌ಗೆ ಎಸ್, ಏಡ್ ಅಂಡ್ ಅಟೆಂಡೆನ್ಸ್‌ಗೆ ಎಲ್ ಅಂತ, ಅದನ್ನೇ ಬಳಸಿ.

ಕಾಫಿತೋಟ:
ಇದು ಒಪ್ಪಿಗೆ. ಮಿಕ್ಕಿದ್ದಕ್ಕೆ ಮಡಿ ಬೇಡ. ಅರ್ಜಿ, ಕಾಯ್ದೆ, ದಾಖಲೆ, ಮಾಜಿ ಸೈನಿಕರ ‘ಮಾಜಿ’, ಎಲ್ಲ ಅರಬ್ಬಿ, ಪಾರ್ಸಿ ಕಡೆಯಿಂದ ಬಂದವು. ಪಿಂಚಣಿ ಇಂಗ್ಲಿಷಿನದು. ಯಾವ ಅಜ್ಜಿಗೂ ತೊಡಕಾಗಿಲ್ಲ.

ಅಚ್ಚಗನ್ನಡಿಗ:
ಬಂದವು ಅಂತ ಬಾಗಿಲು ತೆರೆದೇ ಇಡಬೇಕಾ? ನಾಳೆ ‘ಉಸಿರು’ ತೆಗೆದು ‘ಬ್ರೀತ್’ ಅಂತೀರಿ.

ಹಳೇ ಮೇಷ್ಟ್ರು:
ಸುಮ್ನೆ ಎಳೆಯಬೇಡಿ. ಇದಕ್ಕೆ ಬೇರೆ ಎಳೆ ಶುರು ಮಾಡಿ. ನಾನು ಅಲ್ಲಿಗೂ ಬರಲ್ಲ.

ತುಂಗಾತೀರ:
ಹೀಗೆ ಮಾಡಿದ್ದೇನೆ. ಒಟ್ಟು ಯೋಜನೆ: ‘ತಿಂಗಳ ವಿಶೇಷ ಪರಿಹಾರ’. ಎಸ್ ಮಟ್ಟ: ಅಕ್ಷರ ಹಾಗೇ ಇಟ್ಟು, ಸಿಗುವ ಎರಡೂ ದಾರಿ ಕೆಳಗೆ ಬಿಡಿಸಿ ಬರೆದಿದ್ದೇನೆ. ಎಲ್ ಮಟ್ಟ: ‘ಆರೈಕೆ ನೆರವು’, ಅಂದರೆ ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳಲು ದಿನಾ ಇನ್ನೊಬ್ಬರು ಬೇಕಾದಾಗ. ಭತ್ಯೆ ಬಿಟ್ಟೆ, ಸಂಬಳದ ಜೊತೆ ಬರುವ ಹಣದ ಹಾಗೆ ಕೇಳಿಸುತ್ತೆ. ಡಿಸೆಬಿಲಿಟಿ ರೇಟಿಂಗ್: ‘ಅಶಕ್ತತೆಯ ಪ್ರಮಾಣ’. ಮೊದಲ ಸಾಲಿನಲ್ಲಿ ‘ಕಲ್ನಾರು, ಅಂದರೆ ಅಸ್ಬೆಸ್ಟಾಸ್’ ಅಂತಿದೆ, ಆಮೇಲೆಲ್ಲ ಅಸ್ಬೆಸ್ಟಾಸ್. ಆಸ್ಪತ್ರೆ ಚೀಟಿಯಲ್ಲಿ ಇರುವುದು ಅದೇ. ಡಾಕ್ಟರ್ ತುಂಬಬೇಕಾದ ಫಾರಂ ನಂಬರ್ 21-2680 ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಅಚ್ಚಗನ್ನಡಿಗ:
ಕಲ್ನಾರು ಒಂದೇ ಸಲವಾ?